ಚಪ್ಪಲಿ ಕಟ್ಟಿದ ಕೋಲು

ನಮ್ಮ ಮನೆಯಲ್ಲಿ ಕೊಂಡು ತಂದ ವಸ್ತುವಿನಿಂದ ಯಾವತ್ತೂ ಫಜೀತಿ ಆದದ್ದಿಲ್ಲ. ಆದ ಫಜೀತಿಗಳೆಲ್ಲ ಮನೆಯಲ್ಲೇ ಮಾಡಿಕೊಂಡ ವಸ್ತುಗಳಿಂದ. ನಾನು ಈ ಮನೆಗೆ ಬಂದು ಐವತ್ತು ವರ್ಷವಾಯಿತು, ಇನ್ನೂ ನಿಂತಿಲ್ಲ. ಹೋದ ವಾರವಷ್ಟೇ ನಮ್ಮ ಮನೆಯವರು ಕೆಟ್ಟ ಫ್ಯಾನಿನ ರೆಕ್ಕೆಗಳಿಂದ ಕಾಗೆ ಓಡಿಸುವ ಯಂತ್ರ ಮಾಡಿ ಮಾಳಿಗೆಯ ಮೇಲೆ ನಿಲ್ಲಿಸಿದರು. ಈಗ ಅದರ ಮೇಲೆ ಎರಡು ಕಾಗೆ ಕೂತು ಗಾಳಿ ತೊಗೊಳ್ಳುತ್ತವೆ.

ನಾನು ಹುಟ್ಟಿದ್ದು ಹರಿಹರದ ಹತ್ತಿರ, ತುಂಗಭದ್ರೆಯ ದಂಡೆಯಲ್ಲಿ. ಕೊಟ್ಟದ್ದು ಮಹಾರಾಷ್ಟ್ರದ ಗಡಿಯ ಉಮರ್ಗಾಕ್ಕೆ. ಮದುವೆಗೆ ಮುಂಚೆ ನಮ್ಮಪ್ಪ, ನೀರಿನ ಅನುಕೂಲ ಹೇಗೆ ಎಂದು ಕೇಳಿದಾಗ ಮಾವನವರು, "ಹಿತ್ತಲದಾಗ ನಲವತ್ತು ಮೊಳದ ಬಾವಿ ಅದರೀ" ಅಂದಿದ್ದರಂತೆ. ಬಂದು ನೋಡಿದೆ. ಬಾವಿ ಖರೇನೇ ನಲವತ್ತು ಮೊಳ ಇತ್ತು. ಅದರೊಳಗೆ ನೀರು ಇದೆಯೋ ಎಂದು ನಮ್ಮಪ್ಪ ಬಿಡಿಸಿ ಕೇಳಿರಲಿಲ್ಲ.

ಈಗ ಹೇಳುವುದು ಬರಗಾಲದ ವರ್ಷಗಳ ಮಾತು. ನನಗಾಗ ನಲವತ್ತರ ಆಸುಪಾಸು. ಕೆಳಗೆ ಬಟ್ಟೆ ಅಂಗಡಿ, ಮೇಲೆ ಮನೆ. ಮನೆಯಲ್ಲಿ ಮಾವನವರು, ಅತ್ತೆ, ನಮ್ಮ ಮನೆಯವರು, ನಾನು, ಮತ್ತು ಮದುವೆಯಾಗದೆ ಉಳಿದ ಒಬ್ಬ ಮೈದುನ. ಈ ಮೈದುನನ ಮದುವೆಗಾಗಿಯೇ ಆ ಕೋಲು ಹುಟ್ಟಿತು.

ನಿಲಂಗಾದ ಮುದುಕ

ಮೈದುನನಿಗೆ ಮೂವತ್ತೆರಡು ತುಂಬಿತ್ತು. ನೋಡಲು ಚೆನ್ನಾಗಿದ್ದ, ಚಟ ಇರಲಿಲ್ಲ. ಅಂಗಡಿಯಲ್ಲಿ ಮದುವೆ ಸೀರೆ ಬಿಚ್ಚಿ ತೋರಿಸುವಾಗ ಮಾತ್ರ ದೊಡ್ಡದಾಗಿ ನಿಟ್ಟುಸಿರು ಬಿಡುತ್ತಿದ್ದ. ಗಿರಾಕಿಗಳು ಸೀರೆಯಲ್ಲೇ ಏನೋ ಐಬಿದೆ ಎಂದುಕೊಂಡು ಎದ್ದು ಹೋಗುತ್ತಿದ್ದರು.

ಆ ವರ್ಷಗಳಲ್ಲಿ ನಮ್ಮ ಕಡೆ ಹೆಣ್ಣು ಕೊಡುವವರು ಹುಡುಗನನ್ನು ಆಮೇಲೆ ನೋಡುತ್ತಿದ್ದರು, ನೀರನ್ನು ಮೊದಲು. ಮನೆ ನೋಡಲು ಬಂದವರು ಕೈಕಾಲು ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋಗಿ ಡ್ರಮ್ಮಿನ ಮುಚ್ಚಳ ಎತ್ತಿ ನೋಡುತ್ತಿದ್ದರು. ಅಷ್ಟಕ್ಕೂ ಅವಕಾಶ ಸಿಗದಿದ್ದರೆ ಕಿಟಕಿಯ ಗಾಜು ನೋಡುತ್ತಿದ್ದರು. ಗಾಜು ಹೊಳೆಯುವ ಮನೆಯಲ್ಲಿ ತೊಳೆಯುವಷ್ಟು ನೀರಿದೆ, ಮಸುಕಾದ ಮನೆಯಲ್ಲಿ ಕುಡಿಯಲೂ ಇಲ್ಲ. ಇದು ಆಗಿನ ಲೆಕ್ಕ.

ನಮ್ಮ ಮಾಳಿಗೆಯ ಪಡಸಾಲೆಗೆ ಐದು ಕಿಟಕಿ. ನಿಜಾಮನ ಕಾಲದಲ್ಲಿ ಮಾವನವರ ಅಜ್ಜ ಕಟ್ಟಿಸಿದ್ದು. ಕಿಟಕಿಯ ಬಾಗಿಲುಗಳ ಮೇಲೆ ಎರಡಾಳೆತ್ತರದಲ್ಲಿ ಅರ್ಧಚಂದ್ರದ ದೊಡ್ಡ ಗಾಜುಗಳು, ಬೀದಿಗೆ ನೇರ ಕಾಣುವಂಥವು. ಮಳೆ ಇಲ್ಲದೆ ಎರಡು ವರ್ಷದ ಧೂಳು ಅವುಗಳ ಮೇಲೆ ಕೂತಿತ್ತು.

ನಿಲಂಗಾದಿಂದ ಮನೆ ನೋಡಲು ಬಂದ ಮುದುಕರೊಬ್ಬರು ಅವಲಕ್ಕಿ ತಿನ್ನುತ್ತ ತಲೆಯೆತ್ತಿ ಬಹಳ ಹೊತ್ತು ನೋಡಿದರು.

"ಸಾವಕಾರ್ರ, ಇವು ಗಾಜೇನ್ರಿ?"

"ಹೌದ್ರೀ, ಅಸಲಿ ಬಿಲಾಯತಿ ಗಾಜು" ಎಂದರು ಮಾವನವರು.

"ಚೊಲೋ ಅವ. ಮಳಿ ಒಂದು ಬರ್ಲಿ, ಇದರ ಮ್ಯಾಲೇ ಜ್ವಾಳ ಬಿತ್ತಬಹುದು."

ಅವಲಕ್ಕಿ ಮಾತ್ರ ಎರಡು ಸಲ ಹಾಕಿಸಿಕೊಂಡು ಹೋದರು. ಸಂಬಂಧ ಮುರಿದು ಬಿತ್ತು. ಅದು ಮೂರನೆಯದು. ಅದೇ ವಾರ ಉದಗೀರದಿಂದ ಸುದ್ದಿ ಬಂತು, ಅಮಾವಾಸ್ಯೆ ಕಳೆದು ಅವರೂ ಮನೆ ನೋಡಲು ಬರುತ್ತಾರೆ ಅಂತ. ಅತ್ತೆ ಆವತ್ತೇ ಅಪ್ಪಣೆ ಕೊಟ್ಟರು: ಅಷ್ಟರೊಳಗೆ ಐದೂ ಗಾಜು ಕನ್ನಡಿಯಾಗಬೇಕು. ಏಣಿ ಮಾತ್ರ ಯಾರೂ ಹತ್ತಕೂಡದು.

"ಯಾಕವ್ವಾ?" ಎಂದ ಮೈದುನ. "ನಾ ಹತ್ತತೀನಿ ಅಲ್ಲ."

"ನೀರಿಲ್ಲದ ವರ ಅಂತ ಮೂರು ಮಂದಿ ಹೋಗ್ಯಾರ. ಬಿದ್ದು ಕಾಲು ಮುರಕೊಂಡು, ನೀರಿಲ್ಲದ ಕುಂಟ ವರ ಆಗಬೇಕಂತ ಮಾಡೀಯೇನು?"

ಅಳತೆ

ಉದ್ದ ಮಾಡಿ ಗಿಡ್ಡ ಮಾಡುವ ಕೋಲೊಂದು ನಿಲಂಗಾದ ಹಾರ್ಡ್‌ವೇರ್ ಅಂಗಡಿಯಲ್ಲಿ ಇದೆಯೆಂದು ನಮ್ಮ ಮನೆಯವರೇ ಪತ್ತೆ ಮಾಡಿದರು. ನಳಿಗೆಯೊಳಗೆ ನಳಿಗೆ, ತುದಿಗೆ ರಬ್ಬರು. ಒಂದು ತರೋಣ ಎಂದು ಮಾವನವರನ್ನು ಕೇಳಿದರು. ಮಾವನವರ ಕಣ್ಣು ಕೆಂಪಾಯಿತು.

"ಕೋಲು ಕೊಂಡು ತರೋದಾ? ನಮ್ಮ ಮನ್ಯಾಗ ಇವತ್ತಿನ ತನಕ ಯಾರರೇ ಕೋಲು ಕೊಂಡಾರೇನು? ನಮ್ಮಪ್ಪ ಮುಪ್ಪಿನಾಗ ಹಿಡಕೊಂಡು ತಿರಗ್ಯಾಡಿದ್ದು ಸೈತ ಛತ್ರಿ ಕೋಲು. ಛತ್ರಿ ಬಟ್ಟಿ ಹರದಿತ್ತು, ಕೋಲು ಇತ್ತು, ಹಿಡಕೊಂಡ."

"ಹಂಗಾರ ನಾನೇ ಮಾಡ್ತೀನಿ ಬಿಡ್ರಿ ಅಪ್ಪಾರ" ಎಂದರು ನಮ್ಮ ಮನೆಯವರು.

ಈ ಮನೆಯಲ್ಲಿ "ನಾನೇ ಮಾಡ್ತೀನಿ" ಎಂಬ ಮಾತು ಬಂದಾಗಲೆಲ್ಲ ನಾನು ಒಡೆಯುವಂಥ ಪಾತ್ರೆಗಳನ್ನು ಒಳಗೆ ಎತ್ತಿಡುತ್ತೇನೆ.

ಮರುದಿನವೇ ಬಸ್ಸು ಹತ್ತಿ ನಿಲಂಗಾಕ್ಕೆ ಹೋದರು. ಜೇಬಿನಲ್ಲಿ ಅಂಗಡಿಯ ಅಳತೆ ಪಟ್ಟಿ, ಕಿವಿಯ ಸಂದಿಯಲ್ಲಿ ಪೆನ್ಸಿಲ್. ಆ ಕೋಲನ್ನು ಕೆಳಗಿಳಿಸಿ ಉದ್ದ ಅಳೆದರು, ಸುತ್ತಳತೆ ಅಳೆದರು, ಬಾಯಿ ಅಗಲ ಅಳೆದರು, ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡರು. ಅಂಗಡಿಯವನು ದೊಡ್ಡ ಗಿರಾಕಿಯೆಂದು ಎರಡು ಸಲ ಚಹಾ ತರಿಸಿದ. ಚಹಾ ಕುಡಿದು, ಕೋಲು ಅವನ ಕೈಗೆ ಕೊಟ್ಟು, "ಬರ್ತೀನ್ರೀ" ಎಂದು ಇವರು ಹೊರಟರು. ಬಟ್ಟೆ ಅಂಗಡಿಯವರೆಂದು ಅವನಿಗೆ ಗೊತ್ತಿತ್ತು. ಕಟ್ಟೆಯ ಮೇಲಿಂದಲೇ ಕೂಗಿದನಂತೆ:

"ಸಾವಕಾರ್ರ, ಕೋಲಿಗೆ ಅಂಗಿ ಯಾವಾಗ ಹೊಲಿದು ತರ್ತೀರಿ?"

ಬಿದಿರು

ಮೊದಲನೆಯ ಕೋಲು ಬಿದಿರಿನದು. ಪರಿಚಯದ ರೈತರೊಬ್ಬರು ಹತ್ತಿರದ ಮುರುಮ ಊರಿನಿಂದ ಕಬ್ಬಿನ ಗಾಡಿಯಲ್ಲಿ ಹಾಕಿ ಕಳಿಸಿದರು. ಪುಕ್ಕಟೆ ಎಂಬ ಒಂದೇ ಕಾರಣಕ್ಕೆ ಮಾವನವರು ಅತಿ ಉದ್ದದ್ದನ್ನೇ ಆರಿಸಿ ಕಳಿಸಲು ಹೇಳಿದ್ದರು. ಬೇಕಾದದ್ದು ಹತ್ತು ಅಡಿ, ಬಂದದ್ದು ಇಪ್ಪತ್ತೆರಡು ಅಡಿ.

"ಕೊಯ್ದು ಗಿಡ್ಡ ಮಾಡೋಣ" ಎಂದೆ.

"ಬಂದದ್ದು ಯಾಕ ಹಾಳು ಮಾಡಬೇಕು?" ಎಂದರು ಮಾವನವರು. "ಉದ್ದ ಇದ್ರ ಏನು ಉಂಡು ಹೋಗತದ?"

ಮೆಟ್ಟಿಲಿನ ತಿರುವಿನಲ್ಲಿ ಬಿದಿರು ಹಾಯಲಿಲ್ಲ. ಹಗ್ಗ ಕಟ್ಟಿ ಕಿಟಕಿಯಿಂದ ಮೇಲೆಳೆದರು. ಒಳಗೆ ಬಂದದ್ದು ಪಡಸಾಲೆಯಲ್ಲಿ ಹಿಡಿಸಲಿಲ್ಲ. ಇತ್ತಲ ಗೋಡೆಗೆ ಬುಡ ತಾಗಿದರೆ ಅತ್ತಲ ತುದಿ ಇನ್ನೂ ಬೀದಿಯ ಮೇಲೇ ತೂಗುತ್ತಿತ್ತು. ನಮ್ಮ ಮನೆಯವರು ಬುಡ ಹಿಡಿದು ತಿರುಗಿಸಲು ಹೋದಾಗ ತುದಿ ಬೀದಿ ದಾಟಿ ಎದುರು ಮನೆಯ ಕಿಟಕಿಯೊಳಗೆ ಹೋಗಿ ನಿಂತಿತು.

ಎದುರು ಮನೆಯಲ್ಲಿ ಓಣಿಗೆಲ್ಲ ಮೌಶಿಯಾದ, ಅಂದರೆ ಚಿಕ್ಕಮ್ಮನಾದ, ಹೆಂಗಸೊಬ್ಬರು ಇದ್ದರು. ಇಡೀ ಓಣಿಯ ಮೇಲೆ ಕಣ್ಣಿಡುವುದೇ ಅವರ ಉದ್ಯೋಗ, ಬರಗಾಲದಲ್ಲೂ ಆ ಉದ್ಯೋಗಕ್ಕೆ ಕೊರತೆ ಇರಲಿಲ್ಲ. ಸಂಡಿಗೆ ಒಣಗಿಸಲು ಕಿಟಕಿಯಲ್ಲಿ ಕೂತಿದ್ದವರು ತಮ್ಮ ತಟ್ಟೆಯ ಪಕ್ಕಕ್ಕೆ ಬಂದು ನಿಂತ ಬಿದಿರನ್ನು ನೋಡಿದರು, ಆಮೇಲೆ ಅದರ ಇನ್ನೊಂದು ತುದಿಯಲ್ಲಿದ್ದ ನಮ್ಮನ್ನು ನೋಡಿದರು.

"ತಪ್ಪಾತ್ರೀ ಮೌಶಿ!" ಎಂದು ಇವರು ಕೂಗಿದರು.

"ಇರ್ಲಿ ಬಿಡಪಾ. ಇಷ್ಟು ದೂರ ಕೋಲು ಕಳಿಸೀರಿ, ಅದಕ್ಕೊಂದು ಕೊಡ ನೀರು ತೂಗಹಾಕಿ ಕಳಿಸಬಾರದಾ?"

ಮಾವನವರ ಚಪ್ಪಲಿ

ಎರಡನೆಯ ಕೋಲಿಗೆ ನಮ್ಮ ಮನೆಯವರು ಮೂರು ದಿನ ತೆಗೆದುಕೊಂಡರು. ಹಿತ್ತಲಲ್ಲಿ ಬತ್ತಿಹೋದ ಬೋರಿನ ಪ್ಲಾಸ್ಟಿಕ್ ಪೈಪು ಬಿದ್ದಿತ್ತು. ಅದರೊಳಗೆ ಅಂಗಡಿಯ ಪರದೆಯ ಅಲ್ಯುಮಿನಿಯಂ ಸಲಾಕೆ ತೂರಿಸಿದರು. ಸಲಾಕೆ ಸಣ್ಣದು, ಪೈಪು ದಪ್ಪ. ನಡುವೆ ಸಡಿಲಾಗದಂತೆ ಸೈಕಲ್ ಟ್ಯೂಬು ಕತ್ತರಿಸಿ ಸುತ್ತಿದರು. ಎರಡಕ್ಕೂ ತೂತು ಕೊರೆದು, ಬೇಕಾದ ಉದ್ದಕ್ಕೆ ಎಳೆದು, ತೂತಿನಲ್ಲಿ ಮೊಳೆ ಸಿಕ್ಕಿಸಿದರೆ ಕೋಲು ನಿಲ್ಲಬೇಕು. ತುದಿಗೆ ಬಟ್ಟೆಯ ಥಾನು ಸುತ್ತಿ ಬರುವ ಹಲಗೆ. ನಿಜ ಹೇಳಬೇಕೆಂದರೆ ಚೆನ್ನಾಗೇ ಇತ್ತು. ಹಲಗೆಗೆ ಕಟ್ಟಲು ಒಳ್ಳೆಯ ರಬ್ಬರು ಒಂದೇ ಸಿಗಲಿಲ್ಲ.

ಆವತ್ತು ಮಧ್ಯಾಹ್ನ ಊಟ ಮಾಡಿ ಮಾವನವರು ಅಂಗಡಿಗೆ ಇಳಿಯಲು ಹೊರಟರೆ ಬಾಗಿಲಲ್ಲಿ ಚಪ್ಪಲಿ ಇಲ್ಲ. ದೀಪಾವಳಿಗೆ ಕೊಂಡ ರಬ್ಬರ್ ಚಪ್ಪಲಿ, ಇನ್ನೂ ಹಿಮ್ಮಡಿ ಸವೆದಿರಲಿಲ್ಲ. ಓಣಿಯ ನಾಯಿಯನ್ನು ಬೈದರು. ಸಾಲದೆಂದು ಬೆಳಿಗ್ಗೆ ಬಂದುಹೋದ ಗಿರಾಕಿಯೊಬ್ಬನನ್ನೂ ಬೈದರು. ಬರಿಗಾಲಲ್ಲೇ ಸುಡುವ ಬೀದಿಗಿಳಿದು, ಒಂದು ಕಾಲು ಎತ್ತುತ್ತ ಇನ್ನೊಂದು ಊರುತ್ತ ಅಂಗಡಿಯ ಬಾಗಿಲು ತೆಗೆಯುತ್ತಿದ್ದಾಗ ತಲೆಯ ಮೇಲೆ ಏನೋ ಕಿರ್ರ್ ಎಂದಿತು. ಕತ್ತೆತ್ತಿದರು.

ಮೇಲೆ ನಮ್ಮ ಮನೆಯವರು ಕಿಟಕಿಯಿಂದ ಕೋಲು ಹೊರಚಾಚಿ, ಬೇಳೆ ತೊಳೆದ ಅರ್ಧ ಲೋಟ ನೀರಿನಲ್ಲಿ ಮೊದಲನೆಯ ಗಾಜನ್ನು ಒದ್ದೆ ಮಾಡಿ, ರಬ್ಬರಿನ ಅಂಚಿನಿಂದ ಮೇಲಿಂದ ಕೆಳಕ್ಕೆ ಎಳೆಯುತ್ತಿದ್ದರು. ಎಳೆದಲ್ಲೆಲ್ಲ ಗಾಜು ಫಳಫಳ.

ಮಾವನವರು ಬೀದಿಯಲ್ಲೇ ನಿಂತು ಕೂಗಿದರು:

"ಏ, ಕೆಳಗ ನನ್ನ ಕಾಲು ಸುಡ್ಲಿಕತ್ತಾವ, ಮ್ಯಾಲ ನನ್ನ ಚಪ್ಪಲಿ ಯಾರ ಕಾಲಿಲ್ದ ಹೆಂಗ ನಡೀಲಿಕತ್ತದ?"

ಕೊಡಗಳ ಸಾಲು

ಒಂದೇ ಒಂದು ಗಾಜು ಹೊಳೆದಿತ್ತು. ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ಅಂಗಡಿಯ ಕಟ್ಟೆಯಿಂದ ಓಣಿಯ ತಿರುವಿನವರೆಗೆ ಕೊಡಗಳು. ಹಿತ್ತಾಳೆಯವು, ಪ್ಲಾಸ್ಟಿಕ್ಕಿನವು, ಕೊಡ ಇಲ್ಲದವರ ಕೈಯಲ್ಲಿ ಎಣ್ಣೆಯ ಡಬ್ಬಿ. ಮುಂದೆ ಮೌಶಿ.

"ಏನ್ರವಾ ಇದು?" ಎಂದರು ಮಾವನವರು.

"ಮುಚ್ಚಿಡಬ್ಯಾಡ್ರಿ ಕಾಕಾ. ಬೋರಿಗೆ ನೀರು ಬಂದದ. ಮೊನ್ನಿ ಪೈಪು ಮ್ಯಾಲ ಹೊತ್ತೊಯ್ದದ್ದು ನಾ ಕಣ್ಣಾರೆ ನೋಡೀನಿ. ನಿನ್ನಿ ಗಾಜು ತೊಳದೀರಿ, ಅದನ್ನೂ ನೋಡೀನಿ."

"ನೀರೂ ಇಲ್ಲ, ಗೀರೂ..." ಎಂದು ಮಾವನವರು ಶುರು ಮಾಡುವಷ್ಟರಲ್ಲಿ ಬಾಗಿಲ ಸಂದಿಯಿಂದ ಅತ್ತೆ ಅಂಗಿ ಜಗ್ಗಿದರು.

"ಇಲ್ಲ ಅನಬ್ಯಾಡ್ರಿ! ಇವರ ಪೈಕಿ ಇಬ್ಬರ ತವರು ಉದಗೀರ. ಸಂಜಿಗೆ ಸುದ್ದಿ ಮುಟ್ಟತದ."

"ಅದ ಅಂದ್ರ ಇಷ್ಟು ಕೊಡ ನಿಮ್ಮಪ್ಪ ತುಂಬತಾನೇನು?" ಎಂದು ಮಾವನವರು ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದರು.

ಜನ ಕಾಯುತ್ತಿದ್ದರು. ಇದೆ ಎನ್ನುವಂತಿಲ್ಲ, ಇಲ್ಲ ಎನ್ನುವಂತಿಲ್ಲ. ಮಾವನವರು ಟೊಪ್ಪಿಗೆ ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, ಕೊನೆಗೆ ಹೇಳಿದರು:

"ನೀರಿಂದು... ವಿಚಾರ ನಡದದ."

ಮೌಶಿ ಕೊಡ ಸೊಂಟಕ್ಕೇರಿಸಿಕೊಂಡರು. "ನಡೀರವಾ ಮನಿಗೆ. ಚುನಾವಣಿಗೆ ನಿಂತವರೂ ಹಿಂಗೇ ಅಂತಾರ."

ಗಾಜಿಗೆ ಮಣ್ಣು

ಅಷ್ಟಕ್ಕೆ ಮುಗಿಯಲಿಲ್ಲ. ನಾಲ್ಕು ದಿನಕ್ಕೊಮ್ಮೆ ಓಣಿಗೆ ಟ್ಯಾಂಕರು ಬರುತ್ತಿತ್ತು. ಮನೆಗೊಂದು ಡ್ರಮ್ಮು ನೀರು. ಈ ಸಲ ಬಂದ ಟ್ಯಾಂಕರು ನಮ್ಮ ಬಾಗಿಲಲ್ಲಿ ನಿಲ್ಲದೆ ಮುಂದೆ ಹೋಯಿತು. ನಮ್ಮ ಮನೆಯವರು ಡ್ರಮ್ಮು ಉರುಳಿಸಿಕೊಂಡು ಹಿಂದೆ ಓಡಿದರು. ಚಾಲಕ ಕಿಟಕಿಯಿಂದ ತಲೆ ಹೊರಹಾಕಿ ನಮ್ಮ ಮಾಳಿಗೆಯ ಕಡೆ ಬೆರಳು ತೋರಿಸಿದ.

"ಕಾಚ ಚಮಕತೇಯ ಕೀ, ಶೇಟ್!"

ಗಾಜು ಹೊಳೆಯುತ್ತಿದೆ, ನಿಮಗ್ಯಾಕೆ ನೀರು ಎಂದು ಅವನ ಮಾತು. ಗಾಡಿ ಹೋಯಿತು. ನಾಲ್ಕು ದಿನ ನಾವು ಕುಡಿಯುವ ನೀರಿಗೂ ಬಂಧುಗಳ ಮನೆ ತಿರುಗಿದೆವು.

ಈಗ ಮನೆಯಲ್ಲಿ ಸಭೆ ಕೂತಿತು. ಗಾಜು ಹೊಳೆದರೆ ಟ್ಯಾಂಕರ್ ಇಲ್ಲ. ಹೊಳೆಯದಿದ್ದರೆ ಸೊಸೆ ಇಲ್ಲ. ಮೈದುನ ಮೂಲೆಯಲ್ಲಿ ಕೂತು ಎಂದಿನಂತೆ ನಿಟ್ಟುಸಿರು ಬಿಟ್ಟ. "ನೀ ಬಾಯಿ ಮುಚ್ಚು. ಉಸರ ಬಿಟ್ರ ಅದೂ ಒಣಗತದ" ಎಂದರು ಮಾವನವರು. ಅವರೇ ಉಪಾಯವನ್ನೂ ಹೇಳಿದರು. ಇನ್ನೊಮ್ಮೆ ಟ್ಯಾಂಕರ್ ಬರುವುದು ಉದಗೀರದವರು ಬರುವ ಹಿಂದಿನ ದಿನ. ಆ ದಿನ ಗಾಜು ಹೊಲಸಾಗಿರಬೇಕು. ಮರುದಿನ ಚೊಕ್ಕಟಾಗಿರಬೇಕು.

ಸರಿ. ತೆಳುವಾದ ಮಲಮಲ್ ಬಟ್ಟೆಯ ತುಂಡಿನಲ್ಲಿ ಬೀದಿಯ ಧೂಳು ತುಂಬಿ ಗಂಟು ಕಟ್ಟಿ, ಆ ಗಂಟನ್ನು ಕೋಲಿನ ತುದಿಗೆ ಕಟ್ಟಿದೆವು. ನಮ್ಮ ಮನೆಯವರು ತೊಳೆದ ಗಾಜಿನ ಮೇಲೆ ಗಂಟನ್ನು ಪುಸ್ ಪುಸ್ ಎಂದು ಬಡಿದು, ದೋಸೆಯ ಹಂಚಿಗೆ ಎಣ್ಣೆ ಸವರಿದಷ್ಟು ಜೋಪಾನವಾಗಿ ಒಂದೇ ಸಮ ಮಣ್ಣು ಹಚ್ಚಿದರು. ಒಂದು ಮೂಲೆ ಬಿಟ್ಟುಹೋಗಿತ್ತು. ಮಾವನವರು ಕೆಳಗಿಂದ ತೋರಿಸಿ ಅದನ್ನೂ ಮುಚ್ಚಿಸಿದರು. ಮೂರು ದಿನ ದುಡಿದು ಕೋಲು ಮಾಡಿ, ಅದರಿಂದ ಗಾಜಿಗೆ ಮಣ್ಣು ಹಚ್ಚಿದವರು ಭೂಮಿಯ ಮೇಲೆ ನಾವೇ ಇರಬೇಕು.

ಟ್ಯಾಂಕರಿನವನು ಬಂದ. ಕತ್ತೆತ್ತಿ ಐದೂ ಗಾಜು ನೋಡಿದ. ಮನಸ್ಸು ಕರಗಿತು. ಡ್ರಮ್ಮು ತುಂಬಿಸಿ, ಮೇಲೆ ಎರಡು ಬಕೆಟ್ ಜಾಸ್ತಿ ಹಾಕಿ, ಮಾವನವರ ಹೆಗಲು ತಟ್ಟಿ ಹೋದ. ಅವನ ಕಣ್ಣಲ್ಲಿ ನೀರಿತ್ತು. ಆ ವರ್ಷ ಓಣಿಯಲ್ಲಿ ಪುಕ್ಕಟೆ ನೀರು ಕಂಡದ್ದು ಅಲ್ಲೊಂದೇ ಕಡೆ.

ತುಂಬಿದ ಗ್ಲಾಸು

ಮರುದಿನ ಬೆಳಿಗ್ಗೆ ಗಾಜು ಒರೆಸುವ ಸರದಿ. ಒಂದು ಹನಿ ನೀರನ್ನೂ ಅತ್ತೆ ಕೊಡಲೊಲ್ಲರು. ತುಂಬಿದ ಡ್ರಮ್ಮನ್ನು ಬೀಗರಿಗೆ ತೋರಿಸಬೇಕಿತ್ತು. ಆಗ ನಾನು ಹೇಳಿದೆ, ಹಳೆಯ ಪತ್ರಿಕೆ ಮುದ್ದೆ ಮಾಡಿ ಒಣದಾಗಿಯೇ ತಿಕ್ಕಿದರೆ ಗಾಜು ಹೊಳೆಯುತ್ತದೆ ಅಂತ.

"ಹೊಳಿ ದಂಡಿಯಾಕಿ ಬಂದು ನಮಗ ಒಣಾ ಕೆಲಸ ಕಲಸ್ಲಿಕತ್ಯಾಳ ನೋಡ್ರಿ!" ಎಂದರು ಅತ್ತೆ. ಆದರೂ ಪತ್ರಿಕೆ ತಂದು ಕೊಟ್ಟರು.

ಚಪ್ಪಲಿಯ ಮೇಲೆ ಕಾಗದ ಸುತ್ತಿ ದಾರ ಬಿಗಿದು ಐದೂ ಗಾಜು ತಿಕ್ಕಿದೆವು. ನಮ್ಮ ಮನೆಯವರು ಹಿಡಿದು ಸುಸ್ತಾದರೆ ಮೈದುನ, ಮೈದುನ ಸುಸ್ತಾದರೆ ನಾನು. ಹನ್ನೊಂದು ಗಂಟೆಗೆ ಬಿಸಿಲು ಒಳಬಂದಾಗ ಗಾಜು ಇದೆಯೋ ಇಲ್ಲವೋ ಎನ್ನುವ ಹಾಗಿತ್ತು. ಕೋಲನ್ನು ಗಿಡ್ಡ ಮಾಡಿ ಬಾಗಿಲ ಹಿಂದೆ ನಿಲ್ಲಿಸುವಷ್ಟರಲ್ಲಿ ಕೆಳಗೆ ಜೀಪಿನ ಸದ್ದು.

ಹನ್ನೊಂದು ಜನ ಬಂದರು. ಯಜಮಾನಿಕೆ ಹುಡುಗಿಯ ಸೋದರತ್ತೆಯದು. ತೆಳ್ಳಗಿನ ಹೆಂಗಸು, ಹಣೆಯ ತುಂಬ ವಿಭೂತಿ, ಮಾತು ಕಡಿಮೆ, ಕಣ್ಣು ಚುರುಕು. ಬೇರೆ ಮನೆಗಳಲ್ಲಿ ಆಗ ಅತಿಥಿಗಳಿಗೆ ಅರ್ಧ ಗ್ಲಾಸು ನೀರು ಕೊಡುತ್ತಿದ್ದರು. ನಾವು ಅಂಚಿನವರೆಗೆ ತುಂಬಿ ಕೊಟ್ಟೆವು. ಬಚ್ಚಲಲ್ಲಿ ಡ್ರಮ್ಮಿನ ಮುಚ್ಚಳ ಹಾಕುವುದನ್ನು ಅತ್ತೆ ನೆನಪಿಟ್ಟುಕೊಂಡು ಮರೆತಿದ್ದರು.

"ನೀರಿಂದು ಹ್ಯಾಂಗರೀ ನಿಮ್ಮಲ್ಲಿ?" ಎಂದರು ಹುಡುಗಿಯ ತಂದೆ.

"ನೀರಂದ್ರ ನಮಗ ಬ್ಯಾಸರ ಬಂದದರೀ" ಎಂದರು ಮಾವನವರು. "ಗಾಜೇ ನೋಡ್ರಲ್ಲ. ಇನ್ನ ಎಷ್ಟು ತೊಳೀಬೇಕು?"

ಎಲ್ಲರೂ ತಲೆಯೆತ್ತಿ ನೋಡಿ ತಲೆದೂಗಿದರು. ಸೋದರತ್ತೆ ಮಾತ್ರ ಎದ್ದು, ಹತ್ತಿರದಿಂದ ನೋಡಬೇಕೆಂದು ಬಾಗಿಲ ಪಕ್ಕಕ್ಕೆ ಹೋದರು. ಬಾಗಿಲು ಅಲ್ಲಾಡಿತು, ಕೋಲು ಉರುಳಿ ಅದರ ಮೊಳೆ ಕಳಚಿತು. ಸಲಾಕೆ ಸರ್ರನೆ ಜಾರಿ ಹೊರಬಂದು, ಮಾವನವರ ಚಪ್ಪಲಿ ಫಟ್ ಎಂದು ಆಕೆಯ ಕಾಲ ಮುಂದೆ ಬಿತ್ತು. ಕಾಗದ ಹರಿದು ಜೋತಾಡುತ್ತಿತ್ತು.

ಮೈದುನನ ಮುಖ ನೋಡಲಾಗಲಿಲ್ಲ.

"ಏನವಾ ಇದು?" ಎಂದು ಆಕೆ ನನ್ನನ್ನೇ ಕೇಳಿದರು.

ನನ್ನ ಬಾಯಿಗೆ ಬಂದದ್ದು, "ಮಾವಿನಕಾಯಿ ಕೀಳೋ ಕೋಲ್ರೀ."

ಆಕೆ ಚಪ್ಪಲಿ ತಿರುಗಿಸಿ ನೋಡಿದರು. "ನಿಮ್ಮ ಕಡಿ ಮಾವಿನಕಾಯಿ ಚಪ್ಪಲಿಲಿಂದ ಹೊಡದು ಇಳಸ್ತೀರೇನು?"

ಆಕೆ ಉತ್ತರಕ್ಕೆ ಕಾಯದೆ ಕೋಲನ್ನು ತಾವೇ ಎತ್ತಿ ಬಾಗಿಲ ಹಿಂದೆ ಇಟ್ಟು, ಜಾಗಕ್ಕೆ ಬಂದು ಕೂತು, ಅಣ್ಣನ ಕಿವಿಯಲ್ಲಿ ಏನೋ ಅಂದರು. ಅಣ್ಣ ಸಕ್ಕರೆ ತರಿಸಲು ಹೇಳಿದರು. ಸಂಬಂಧ ಗೊತ್ತಾಯಿತು! ಅತ್ತೆ ಅಡಿಗೆಮನೆಯಲ್ಲಿ ನನ್ನನ್ನು ತಬ್ಬಿಕೊಂಡರು. ಇಪ್ಪತ್ತು ವರ್ಷದಲ್ಲಿ ಅದೇ ಮೊದಲು.

ಹೊರಡುವ ಹೊತ್ತಿಗೆ ಸೋದರತ್ತೆ ಜೀಪಿನ ಹಿಂದಿನ ಬಾಗಿಲು ತೆಗೆಸಿದರು. ಒಳಗೆ ಹತ್ತು ಖಾಲಿ ಕ್ಯಾನು.

"ಇನ್ನ ನಾವು ನೀವು ಬೀಗರು, ಸಂಕೋಚ ಯಾಕ? ಉದಗೀರದಾಗ ಭಾಳ ತ್ರಾಸ ಅದರೀ. ನಿಮಗಂತೂ ಬ್ಯಾಸರ ಬಂದದ. ಇಷ್ಟು ತುಂಬಿಸಿ ಕೊಡ್ರಿ."

ಮಾವನವರ ನಗು ಫೋಟೋದಲ್ಲಿನ ನಗುವಿನಂತೆ ಮುಖದ ಮೇಲೆ ಹಾಗೇ ನಿಂತಿತು. ನಮ್ಮ ಮನೆಯವರು, ಮೈದುನ ಸೇರಿ ತುಂಬಿಸಿದರು. ಹತ್ತನೆಯ ಕ್ಯಾನಿಗೆ ಡ್ರಮ್ಮನ್ನು ತಲೆಕೆಳಗೆ ಮಾಡಬೇಕಾಯಿತು. ಜೀಪು ತಿರುವಿನಲ್ಲಿ ಮರೆಯಾಗುವವರೆಗೂ ಮಾವನವರು ಕೈಮುಗಿದುಕೊಂಡೇ ನಿಂತಿದ್ದರು.

ಆಮೇಲೆ ನಾಲ್ಕು ದಿನ ಸ್ನಾನವಿಲ್ಲ. ಮಾವನವರು ಮಜ್ಜಿಗೆಯಲ್ಲಿ ಬಾಯಿ ಮುಕ್ಕಳಿಸಿದರು. ಮೈದುನ ಒಬ್ಬನೇ ಸಿಳ್ಳೆ ಹಾಕುತ್ತ ತಿರುಗಾಡುತ್ತಿದ್ದ. ಕುಡಿಯುವ ನೀರಿಗೆ ನಾನು ಕೊಡ ಹಿಡಿದು ಎದುರು ಮನೆಗೆ ಹೋದೆ. ಮೌಶಿ ಕೊಡ ತುಂಬಿಸಿಯೇ ಕೊಟ್ಟರು, ಆದರೆ ಕೇಳದೆ ಬಿಡಲಿಲ್ಲ:

"ನಿಮ್ಮಲ್ಲಿ ವಿಚಾರ ನಡದಿತ್ತಲ್ಲ, ಏನಾತವಾ?"

ಉದಗೀರ

ಇಪ್ಪತ್ತು ದಿನಕ್ಕೆ ಮದುವೆ, ಹುಡುಗಿಯ ಮನೆಯ ಮುಂದೆಯೇ ಹಂದರ. ನಾವು ಎರಡು ಜೀಪು ಮಾಡಿಕೊಂಡು ಹೋದೆವು. ಬೀಗರಿಗೆ ಕೊಡುವ ಆಯೇರಿಯ ಸೀರೆಗಳ ಗಂಟು ಯಾಕಿಷ್ಟು ದೊಡ್ಡದಾಗಿ ಉಬ್ಬಿದೆ ಎಂದು ಎತ್ತಿ ನೋಡಿದೆ. ಸೀರೆಯ ಕೆಳಗೆ ಮಾವನವರು ಎಂಟು ಖಾಲಿ ಕ್ಯಾನು ಹೇರಿಸಿದ್ದರು. ಹತ್ತು ತಂದಿದ್ದರಂತೆ, ಎರಡು ಹಿಡಿಸಲಿಲ್ಲ.

ಜೀಪಿನಿಂದ ಇಳಿದವರೇ ಮಾವನವರು ಮೊದಲು ನೋಡಿದ್ದು ಹಂದರವನ್ನಲ್ಲ, ವಾಲಗದವರನ್ನಲ್ಲ. ಬೀಗರ ಮಾಳಿಗೆಯನ್ನು. ಅವರಿಗೂ ಎತ್ತರದ ಗಾಜುಗಳಿದ್ದವು. ಎಲ್ಲವೂ ಹೊಳೆಯುತ್ತಿದ್ದವು. ಅಷ್ಟೇ ಅಲ್ಲ, ಗಾಜಿನ ಮೇಲೆ ಸೋರಿ ಒಣಗಿದ ಸಣ್ಣ ಸಣ್ಣ ಗೆರೆಗಳಿದ್ದವು.

ಮಾವನವರು ನಮ್ಮ ಮನೆಯವರ ಮೊಳಕೈ ಹಿಡಿದರು. "ನೋಡು, ನೋಡು! ಕಾಗದಲಿಂದ ತಿಕ್ಕಿದ್ದಲ್ಲ ಇದು. ಖರೇ ನೀರು! ಇವರಿಗೆ ತ್ರಾಸ ಅಂತ, ತ್ರಾಸ! ನಮ್ಮ ಡ್ರಮ್ಮು ಬಳಕೊಂಡು ಬಂದಾರ ಸುಳ್ಳು ಮಂದಿ. ಅಕ್ಷತಿ ಬಿದ್ದ ಮ್ಯಾಲ ಕ್ಯಾನು ಇಳಸು."

ಅಕ್ಷತೆ ಬಿತ್ತು. ಮೈದುನ ಕೊನೆಯ ನಿಟ್ಟುಸಿರು ಬಿಟ್ಟ, ಈ ಸಲ ಬೇರೆ ಥರದ್ದು. ಊಟದ ಗದ್ದಲದಲ್ಲಿ ಸೋದರತ್ತೆ ನನ್ನನ್ನು ಕೋಣೆಗೆ ಕರೆದು ಎಲೆ ಅಡಿಕೆ ಕೊಟ್ಟರು. ನಾನು ಆ ದಿನದ ಮಾತು ಎತ್ತಿದೆ.

"ಅತ್ತೀ, ಆವತ್ತು ನಾ ನಿಮಗ ಸುಳ್ಳು ಹೇಳಿದೆ. ಅದು ಮಾವಿನಕಾಯಿ ಕೋಲಲ್ಲ."

"ಗೊತ್ತಾತವಾ. ನೀರಿಲಿಂದ ತೊಳದ ಗಾಜಿನ ಮ್ಯಾಲ ಗೆರಿ ಇರ್ತಾವ. ನಿಮ್ಮ ಗಾಜಿನ ಮ್ಯಾಲ ಒಂದೂ ಇದ್ದಿದ್ದಿಲ್ಲ. ಹನಿ ನೀರಿಲ್ಲದ ಮನಿ ಅಂತ ಎದ್ದು ಬಾಗಿಲ ಹತ್ತಿರ ಬಂದಾಗೇ ತಿಳೀತು."

"ಮತ್ತ ಹುಡುಗಿ ಕೊಡಾಕ ಹೂಂ ಯಾಕ ಅಂದ್ರಿ?"

"ಮಗನ ಮದುವಿ ಸಲಾಗಿ ಹಿರೇರ ಹೊಸಾ ಚಪ್ಪಲಿ ತಗದು ಕೋಲಿಗೆ ಕಟ್ಟೋ ಮನಿ, ಹುಡುಗಿನ್ನ ನೀರಡಿಸಿ ಕೆಡವಂಗಿಲ್ಲ ಅನಸ್ತು. ಎಲ್ಲಿಂದರೇ ತಂದು ಕುಡಸ್ತೀರಿ."

"ನೀರಿಲ್ಲಂತ ಗೊತ್ತಿದ್ದೂ ಹತ್ತು ಕ್ಯಾನು ಕೇಳಿದ್ರೆಲ್ಲ!"

"ಸುಳ್ಳಿಗೆ ದಂಡ ಬ್ಯಾಡೇನವಾ?" ಆಕೆ ಅಡಿಕೆ ಕತ್ತರಿಸುತ್ತ ಹೇಳಿದರು. "ಎಂಟು ಕ್ಯಾನು ನಾವು ಕುಡದೀವಿ. ಎರಡು ಮುಚ್ಚಿ ಇಟ್ಟಿದ್ದೆ. ಬೀಗರು ಬರ್ತಾರಂತ ನಿನ್ನಿ ಅದರಲೇ ಗಾಜು ತೊಳಸಿದೆ. ನಮ್ಮಲ್ಲಿ ಈಗ ಕೈ ತೊಳಿಯಾಕ ಸೈತ ಟ್ಯಾಂಕರಿನ ದಾರಿ ಕಾಯಬೇಕು."

ನಾನು ನಕ್ಕು ನಕ್ಕು ಅಲ್ಲೇ ಕೂತುಬಿಟ್ಟೆ. ನಗು ನಿಲ್ಲುವ ಮುಂಚೆ ಬಾಗಿಲಲ್ಲಿ ಮಾವನವರು ಬಂದು ನಿಂತರು. ಎರಡು ಕೈಯಲ್ಲಿ ಎರಡೆರಡು ಕ್ಯಾನು, ಹಿಂದೆ ನಮ್ಮ ಮನೆಯವರ ಕೈಯಲ್ಲಿ ಉಳಿದವು. ಮಾವನವರು ಆವತ್ತಿನ ಆಕೆಯ ಮಾತನ್ನೇ ಬಡ್ಡಿ ಸಮೇತ ತಿರುಗಿ ಕೊಡಲು ಬಂದಿದ್ದರು.

"ಬೀಗತೀ, ಇನ್ನ ಸಂಕೋಚ ಯಾಕ? ನಿಮ್ಮಲ್ಲಿ ನೀರು ಭಾಳ ಇದ್ದಂಗ ಕಾಣತದ. ಗಾಜಿನ ಮ್ಯಾಲಿನ ಗೆರಿ ನಾ ನೋಡೀನ್ರೀ, ಇಲ್ಲ ಅನಬ್ಯಾಡ್ರಿ."

"ಇಲ್ಲಂತ ಯಾಕ ಅನ್ಲಿ?" ಎಂದರು ಸೋದರತ್ತೆ. ಎದ್ದು ಬಂದು ಮಾವನವರ ಕೈಯಲ್ಲಿದ್ದ ಕ್ಯಾನುಗಳನ್ನು ನೋಡಿದರು, ಆಮೇಲೆ ಕಿಟಕಿಯ ಮೇಲಿನ ಗಾಜಿನ ಕಡೆ ಗದ್ದ ಎತ್ತಿ ತೋರಿಸಿದರು. "ನಿಮ್ಮ ನೀರು ಎಲ್ಲಾ ಮ್ಯಾಲೇ ಅದರೀ. ಕೆರಕೊಂಡು ಒಯ್ರಿ. ಚಪ್ಪಲಿ ಕಟ್ಟಿದ ಕೋಲು ತಂದೀರಲ್ಲ?"